ಗಾಡಿ ನಿಲ್ಲುವ ಮೊದಲೇ ಹೇಳುತ್ತದೆ: ಹಳೆಯ ಪಿಕಪ್‌ನ ಎಂಜಿನ್ ತೊಂದರೆಗಳನ್ನು ಗುರುತಿಸುವ ಪಾಠ



ಎಮ್ಮೆ ಮೆಲುಕು ಹಾಕುವುದು ಕಡಿಮೆ ಮಾಡಿದರೆ, ಮೂತಿ ಒಣಗಿದರೆ, ಸಗಣಿಯ ಬಣ್ಣ ಬದಲಾದರೆ ಪಶುವೈದ್ಯರು ಬರುವ ಮೊದಲೇ ನಿಮಗೆ ತಿಳಿಯುತ್ತದೆ. ಯಾವ ಪುಸ್ತಕವನ್ನೂ ಓದದೆ, ದಿನವೂ ನೋಡಿ ನೋಡಿ ಕಲಿತ ವಿದ್ಯೆ ಅದು. ನಿಮ್ಮ ಹಾಲನ್ನು ಹೊತ್ತು ಸಾಗುವ ಪಿಕಪ್ ಗಾಡಿಯೂ ಹಾಗೆಯೇ. ಅದರ ಎಂಜಿನ್ ಒಮ್ಮೆಲೇ ಕೆಡುವುದು ಅಪರೂಪ. ವಾರಗಟ್ಟಲೆ ಮೊದಲೇ ಹೊಗೆ, ವಾಸನೆ, ಸದ್ದು ಮತ್ತು ಬಿಸಿಯ ಮೂಲಕ ಸೂಚನೆ ಕೊಡುತ್ತದೆ. ಆ ಸೂಚನೆಗಳನ್ನು ಓದುವುದು ಹೇಗೆ ಎಂಬುದೇ ಈ ಸಂಚಿಕೆಯ ಪಾಠ.

ಇದು ನಮಗೇಕೆ?

"ಗಾಡಿ ಗುತ್ತಿಗೆದಾರರದು, ನಮಗೇನು?" ಎಂದು ಕೇಳಬಹುದು. ಗಾಡಿ ಅವರದು, ಆದರೆ ಅದರೊಳಗಿನ ಹಾಲು ನಿಮ್ಮದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ದೂರ ಹೆಚ್ಚು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕರೆದ ಹಾಲಿಗೆ ತನ್ನದೇ ಆದ ರಕ್ಷಣೆ ಸ್ವಲ್ಪ ಹೊತ್ತು ಇರುತ್ತದೆ. ಅದು ಮುಗಿದ ಮೇಲೆ ಬಿಸಿ ವಾತಾವರಣದಲ್ಲಿ ಬ್ಯಾಕ್ಟೀರಿಯಾಗಳು ಸುಮಾರು ಅರ್ಧ ಗಂಟೆಗೊಮ್ಮೆ ಎರಡು ಪಟ್ಟಾಗುತ್ತವೆ. ಲೆಕ್ಕ ಹಾಕಿ ನೋಡಿ: ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂರು ಗಂಟೆಯಲ್ಲಿ 64 ಪಟ್ಟು. ಹಾಲನ್ನು 4 ಡಿಗ್ರಿಗೆ ತಣ್ಣಗೆ ಮಾಡುವ ಬಲ್ಕ್ ಕೂಲರ್ ತಲುಪುವವರೆಗೂ ಈ ಓಟ ನಿಲ್ಲುವುದಿಲ್ಲ.

ಒಂದು ಸಂಘದಿಂದ 40 ಲೀಟರಿನ 10 ಕ್ಯಾನ್ ಹೋಗುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು 400 ಲೀಟರ್. ಲೆಕ್ಕಕ್ಕಾಗಿ ಲೀಟರಿಗೆ 35 ರೂಪಾಯಿ ಹಿಡಿದರೂ ಒಂದು ಹೊತ್ತಿನ ಹಾಲು 14,000 ರೂಪಾಯಿ. ಹಾಲು ಹುಳಿಯಾಗಿ ವಾಪಸಾದರೆ ಆ ನಷ್ಟ ಹತ್ತಾರು ಮನೆಗಳ ಬಟವಾಡೆಯ ಮೇಲೆ ಬೀಳುತ್ತದೆ. ಆದ್ದರಿಂದ ಬಾನೆಟ್ ಎತ್ತಿ ನೋಡುವುದು ಗಂಡಸರ ಕೆಲಸ ಎಂದು ದೂರ ನಿಲ್ಲುವುದು ಬೇಡ. ಸಂಘದ ಲೆಕ್ಕಪುಸ್ತಕ ನೋಡುವ ಹಕ್ಕು ನಿಮಗೆ ಇರುವಂತೆ, ಹಾಲಿನ ಗಾಡಿಯ ಸ್ಥಿತಿ ಕೇಳುವ ಹಕ್ಕೂ ಇದೆ.

ಡೀಸೆಲ್ ಎಂಜಿನ್ ಕೆಲಸ ಮಾಡುವ ಬಗೆ

ನಮ್ಮ ಕಡೆ ಹಾಲು, ಮೇವು, ತರಕಾರಿ, ಹೂವು ಸಾಗಿಸುವ ಬೊಲೆರೊ ಪಿಕಪ್, ಟಾಟಾ ಏಸ್‌ನಂತಹ ಗಾಡಿಗಳಲ್ಲಿ ಹೆಚ್ಚಿನವು ಡೀಸೆಲ್ ಗಾಡಿಗಳು. 1890ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲ್ ರೂಪಿಸಿದ ಈ ಎಂಜಿನ್‌ನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಸೈಕಲ್ ಪಂಪ್ ಹೊಡೆದರೆ ಅದರ ತುದಿ ಬಿಸಿಯಾಗುವುದನ್ನು ನೀವು ನೋಡಿದ್ದೀರಿ. ಅದೇ ರೀತಿ ಎಂಜಿನ್ ಒಳಗೆ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕೆಂಡದಷ್ಟು ಬಿಸಿಯಾಗುತ್ತದೆ. ಆಗ ಸಿಂಪಡಿಸಿದ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಡೀಸೆಲ್ ಎಂಜಿನ್‌ಗೆ ಐದು ಸರಿಯಿರಬೇಕು: ಶುದ್ಧ ಗಾಳಿ, ಶುದ್ಧ ಡೀಸೆಲ್, ಗಾಳಿ ಸೋರದ ಒತ್ತಡ, ಒಳ್ಳೆಯ ಆಯಿಲ್ ಮತ್ತು ತಂಪು. ಹಳೆಯ ಗಾಡಿಯ ಬಹುಪಾಲು ಎಂಜಿನ್ ತೊಂದರೆಗಳು ಈ ಐದರಲ್ಲಿ ಒಂದು ಕೆಟ್ಟಾಗ ಬರುತ್ತವೆ.

1. ಬೆಳಿಗ್ಗೆ ಸ್ಟಾರ್ಟ್ ಆಗದಿರುವುದು

ಕೀಲಿ ತಿರುಗಿಸಿದಾಗ ಬರೀ "ಟಕ್" ಎಂದು ನಿಂತರೆ ಅಥವಾ ಎಂಜಿನ್ ನಿಧಾನವಾಗಿ ಹೊರಳಿದರೆ ಮೊದಲು ಬ್ಯಾಟರಿ ನೋಡಿ. ಅದರ ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ವಿದ್ಯುತ್ ಸರಿಯಾಗಿ ಹರಿಯುವುದಿಲ್ಲ. ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿ ಬಿಗಿಯಾಗಿ ಕಟ್ಟಿಸಿ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಅಲ್ಲಿಂದ ಹೊರಡುವ ಅನಿಲ ಸಿಡಿಯಬಲ್ಲದು.

ಎಂಜಿನ್ ಜೋರಾಗಿ ಹೊರಳಿದರೂ ಹೊತ್ತಿಕೊಳ್ಳದಿದ್ದರೆ ಡೀಸೆಲ್ ಸಾಗುವ ದಾರಿಯಲ್ಲಿ ಗಾಳಿ ಸೇರಿರಬಹುದು, ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಎಂಜಿನ್ ಕಾಯಿಸುವ ಗ್ಲೋ ಪ್ಲಗ್ ಸುಟ್ಟಿರಬಹುದು. ಗ್ಲೋ ಪ್ಲಗ್ ಇರುವ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಸುರುಳಿ ಆಕಾರದ ದೀಪ ಹೊತ್ತುತ್ತದೆ. ಅದು ಆರಿದ ಮೇಲೆಯೇ ಸ್ಟಾರ್ಟ್ ಮಾಡಬೇಕು. ದಿನವೂ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುವುದು ಪರಿಹಾರವಲ್ಲ, ರೋಗವನ್ನು ಮುಂದೂಡುವುದು ಅಷ್ಟೇ.

2. ಎಂಜಿನ್ ಕಾಯುವುದು

ನಮ್ಮ ತಾಲ್ಲೂಕುಗಳಲ್ಲಿ ಹಳೆಯ ಗಾಡಿಯನ್ನು ಬೇಸಿಗೆಯಲ್ಲಿ ದಾರಿಯ ಮಧ್ಯೆ ನಿಲ್ಲಿಸುವ ತೊಂದರೆ ಇದು. ಅದಕ್ಕೆ ಒಂದು ಕಾರಣ ನಮ್ಮ ನೀರಿನಲ್ಲೇ ಇದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಗಾರೆಯಂತೆ ಪದರು ಕಟ್ಟುವುದನ್ನು ನೀವು ಕೆರೆದು ತೆಗೆದಿರುತ್ತೀರಿ. ರೇಡಿಯೇಟರ್‌ಗೆ ಬೋರ್‌ವೆಲ್ ನೀರು ತುಂಬಿದರೆ ಅದರ ಸಣ್ಣ ನಾಳಗಳಲ್ಲೂ ಅದೇ ಪದರು ಕಟ್ಟುತ್ತದೆ. ನೀರು ಸರಾಗವಾಗಿ ಹರಿಯದೆ ಎಂಜಿನ್ ಕಾಯುತ್ತದೆ. ಆದ್ದರಿಂದ ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ಮಾತ್ರ ಹಾಕಿಸಬೇಕು. ತುರ್ತಿನಲ್ಲಿ ಬೇರೆ ನೀರು ಹಾಕಿದ್ದರೆ ನಂತರ ಪೂರ್ತಿ ಬಸಿದು ಬದಲಿಸಬೇಕು.

ಉಳಿದ ಕಾರಣಗಳು: ರೇಡಿಯೇಟರ್ ಮುಂಭಾಗದಲ್ಲಿ ಮಣ್ಣು, ಹೊಟ್ಟು, ಹುಳುಗಳು ತುಂಬುವುದು, ಫ್ಯಾನ್ ಬೆಲ್ಟ್ ಸಡಿಲವಾಗುವುದು, ರಬ್ಬರ್ ಹೋಸ್ ಬಿರುಕು ಬಿಡುವುದು, ವಾಟರ್ ಪಂಪ್ ಸೋರುವುದು, ಥರ್ಮೋಸ್ಟಾಟ್ ಅಂಟಿಕೊಳ್ಳುವುದು. ರಾತ್ರಿ ನಿಂತ ಜಾಗದಲ್ಲಿ ನೆಲದ ಮೇಲೆ ಬಣ್ಣದ ಹನಿ ಬಿದ್ದಿದ್ದರೆ ಅದೇ ಮೊದಲ ಸೂಚನೆ.

ಮೀಟರಿನ ಮುಳ್ಳು ಕೆಂಪಿನತ್ತ ಏರಿದರೆ ಗಾಡಿಯನ್ನು ನೆರಳಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು. "ಇನ್ನು ಎರಡೇ ಕಿಲೋಮೀಟರ್" ಎಂದು ಓಡಿಸಿದರೆ ಹೆಡ್ ಬಾಗಿ, ಸಣ್ಣ ಖರ್ಚು ದೊಡ್ಡದಾಗುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬಾರದು. ಸೀಟಿ ಹೊಡೆಯುತ್ತಿರುವ ಕುಕ್ಕರ್ ಮುಚ್ಚಳ ತೆಗೆದಂತೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕನಿಷ್ಠ ಅರ್ಧ ಗಂಟೆ ತಣಿಯಲು ಬಿಟ್ಟು, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ಸಡಿಲಿಸಬೇಕು. ಕಾದ ಎಂಜಿನ್ ಮೇಲೆ ತಣ್ಣೀರು ಸುರಿಯಬಾರದು, ಲೋಹ ಬಿರುಕು ಬಿಡುತ್ತದೆ.

3. ಹೊಗೆಯ ಬಣ್ಣ

ಎಂಜಿನ್ ಕಾದ ಮೇಲೆ ಹೊಗೆ ಹೆಚ್ಚೂಕಡಿಮೆ ಕಾಣಬಾರದು. ಕಂಡರೆ ಬಣ್ಣ ನೋಡಿ.

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ದೂಳಿನಿಂದ ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು ಅಥವಾ ಹೊರೆ ಮಿತಿ ಮೀರಿರಬಹುದು. ತುಂಬಿದ 40 ಲೀಟರ್ ಕ್ಯಾನ್‌ನಲ್ಲಿ ಹಾಲೇ 41 ಕಿಲೋ ಇರುತ್ತದೆ. ಕ್ಯಾನ್ ತೂಕವೂ ಸೇರಿ 50 ಕಿಲೋದ ಹತ್ತಿರ. ಹಾಲಿನ ಜೊತೆ ಪಶು ಆಹಾರದ ಚೀಲಗಳನ್ನೂ ಹೇರಿದರೆ ಎಷ್ಟಾಗುತ್ತದೆ ಎಂದು ಕೂಡಿ ನೋಡಿ. ಮೆಕ್ಕೆಜೋಳದ ರಾಶಿ ಕಾಲದಲ್ಲಿ, ಮಣ್ಣು ರಸ್ತೆಯ ಊರುಗಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬಾರದು. ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ, ಅವಧಿ ಮುಗಿದಾಗ ಬದಲಿಸಬೇಕು.

ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು, ಟರ್ಬೊ ಇರುವ ಗಾಡಿಯಲ್ಲಿ ಟರ್ಬೊ ಸೋರುತ್ತಿರಬಹುದು. ಹೀಗಿರುವ ಗಾಡಿಗೆ ಆಯಿಲ್ ಮಟ್ಟವನ್ನು ದಿನವೂ ನೋಡಬೇಕು.

ಬಿಳಿ ಹೊಗೆ: ಚಳಿಗಾಲದ ಬೆಳಿಗ್ಗೆ ಒಂದೆರಡು ನಿಮಿಷ ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಕಾದ ಮೇಲೂ ಬರುತ್ತಿದ್ದು, ಕೂಲೆಂಟ್ ಹೊರಗೆ ಸೋರದೆಯೇ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಇದೆ. ಅಂತಹ ಗಾಡಿ ಹಾಲು ಹೊತ್ತು ಹೋಗಬಾರದು, ಮೆಕ್ಯಾನಿಕ್ ಬಳಿಗೆ ಹೋಗಬೇಕು.

4. ಆಯಿಲ್: ಕಡ್ಡಿ ಹೇಳುವ ಸತ್ಯ

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ತೆಗೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಕಡಿಮೆ ಇರಬಾರದು, ಮೇಲಿನ ಗುರುತು ದಾಟಲೂಬಾರದು.

ಡೀಸೆಲ್ ಗಾಡಿಯ ಆಯಿಲ್ ಬೇಗ ಕಪ್ಪಾಗುವುದು ಸಹಜ. ಆದರೆ ಅದು ಮಜ್ಜಿಗೆಯಂತೆ ಅಥವಾ ಚಹಾದಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆ. ಹಾಲಿಗೆ ನೀರು ಬೆರೆತರೆ ಗುಣಮಟ್ಟ ಹೋಗುತ್ತದೆ, ಆಯಿಲ್‌ಗೆ ನೀರು ಬೆರೆತರೆ ಎಂಜಿನ್ನೇ ಹೋಗುತ್ತದೆ. ಕೂಡಲೇ ನಿಲ್ಲಿಸಿ. ಓಡುವಾಗ ಎಣ್ಣೆಗಿಂಡಿ ಆಕಾರದ ಕೆಂಪು ದೀಪ ಹೊತ್ತಿದರೂ ಅಲ್ಲೇ ಎಂಜಿನ್ ಆರಿಸಬೇಕು. ಆಯಿಲ್ ಒತ್ತಡವಿಲ್ಲದೆ ಕೆಲವೇ ನಿಮಿಷ ಓಡಿದರೂ ಬೇರಿಂಗ್‌ಗಳು ಹಿಡಿದುಕೊಳ್ಳುತ್ತವೆ.

5. ಏರಿನಲ್ಲಿ ಎಳೆಯದಿರುವುದು, ತಡವರಿಸುವುದು

ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡಿ, ಏರು ಬಂದಾಗ ಜಗ್ಗಿ ಜಗ್ಗಿ ನಿಂತರೆ ಡೀಸೆಲ್ ಫಿಲ್ಟರ್ ಕಟ್ಟಿದೆ ಅಥವಾ ಡೀಸೆಲ್‌ನಲ್ಲಿ ನೀರಿದೆ ಎಂದು ಅನುಮಾನಿಸಿ. ಬಹಳಷ್ಟು ಗಾಡಿಗಳಲ್ಲಿ ಫಿಲ್ಟರ್ ಕೆಳಗೆ ನೀರು ಬಸಿಯುವ ತಿರುಪು ಇರುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅದನ್ನು ಸಡಿಲಿಸಿ ತಿಳಿ ಡೀಸೆಲ್ ಬರುವವರೆಗೆ ಬಸಿಯಬೇಕು. ಟ್ಯಾಂಕ್ ಪೂರ್ತಿ ಬರಿದಾಗುವವರೆಗೆ ಓಡಿಸಬಾರದು. ತಳದ ಕೊಳೆ ಮತ್ತು ಗಾಳಿ ಎರಡೂ ಎಂಜಿನ್‌ಗೆ ಹೋಗುತ್ತವೆ.

ಎಂಜಿನ್ ಸದ್ದು ಏರಿದರೂ ಗಾಡಿ ಮುಂದೆ ಹೋಗದೆ ಸುಟ್ಟ ವಾಸನೆ ಬಂದರೆ ತೊಂದರೆ ಎಂಜಿನ್‌ನದಲ್ಲ, ಕ್ಲಚ್ ಪ್ಲೇಟ್ ಸವೆದಿದೆ.

ದಾರಿಯಲ್ಲಿ ನಿಂತೇಬಿಟ್ಟರೆ

ಮೊದಲು ಹಾಲು, ಆಮೇಲೆ ಗಾಡಿ. ಹದಿನೈದು ನಿಮಿಷದಲ್ಲಿ ಸರಿಹೋಗುವ ಭರವಸೆ ಇಲ್ಲದಿದ್ದರೆ ಬಲ್ಕ್ ಕೂಲರ್ ಕೇಂದ್ರಕ್ಕೂ ಮಾರ್ಗದ ಮೇಲ್ವಿಚಾರಕರಿಗೂ ಫೋನ್ ಮಾಡಿ ಬದಲಿ ಗಾಡಿ ಕರೆಸಬೇಕು. ಕ್ಯಾನ್‌ಗಳನ್ನು ನೆರಳಿಗೆ ಇಳಿಸಿ, ಒದ್ದೆ ಗೋಣಿಚೀಲ ಹೊದಿಸಿ, ಆಗಾಗ ನೀರು ಚಿಮುಕಿಸಬೇಕು. ಮುಚ್ಚಳ ತೆರೆಯಬಾರದು. ಹಾಲಿಗೆ ಮಂಜುಗಡ್ಡೆ ಹಾಕುವುದು ನೀರು ಬೆರೆಸಿದಂತೆ. ಸೋಡಾ ಅಥವಾ ಬೇರೆ ಯಾವುದೇ ಪುಡಿ ಹಾಕುವುದು ಕಲಬೆರಕೆಯ ಅಪರಾಧ. ಗಾಡಿ ನಿಂತ ಸಮಯವನ್ನು ಬರೆದಿಡಿ. ಹಾಲು ವಾಪಸಾದರೆ ತಡವಾದದ್ದು ಎಲ್ಲಿ ಎಂಬುದಕ್ಕೆ ಅದೇ ಆಧಾರ.

ಹಳೆಯ ಗಾಡಿ ಕೊಳ್ಳುವ ಮನೆಗಳಿಗೆ

ಮಗನಿಗೆ ದುಡಿಮೆಯಾಗಲಿ ಎಂದು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಳ್ಳುವ ಮನೆಗಳು ನಮ್ಮಲ್ಲಿವೆ. ಆ ಸಾಲದ ಕಂತು ಎಷ್ಟೋ ಸಲ ಹಾಲಿನ ಬಟವಾಡೆಯಿಂದಲೇ ಹೋಗುತ್ತದೆ. ಹಾಗಾಗಿ ನೋಡಲು ನೀವೂ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿದ್ದಾರೆ. ಮರುದಿನ ಬೆಳಿಗ್ಗೆ ತಣ್ಣಗಿರುವಾಗ ಬಂದು ಸ್ಟಾರ್ಟ್ ಮಾಡಿಸಿ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆಸಿ. ಅಲ್ಲಿಂದ ಹೊಗೆ ಬುಸುಬುಸು ಎಂದು ಒತ್ತಿ ಬಂದರೆ ರಿಂಗ್ ಸವೆದಿದೆ, ಎಂಜಿನ್ ಬಿಚ್ಚುವ ಖರ್ಚು ಹತ್ತಿರದಲ್ಲಿದೆ ಎಂದರ್ಥ. ಬಣ್ಣ ಹೊಸದು, ಟೈರ್ ಹೊಸದು ಎಂದು ಮರುಳಾಗಬೇಡಿ.

ಸಂಘ ಮಾಡಬಹುದಾದ ಕೆಲಸ

ಪ್ರತಿದಿನ, ಕ್ಯಾನ್ ಏರಿಸುವ ಮೊದಲು: ಗಾಡಿ ಕೆಳಗೆ ಹನಿ ಬಿದ್ದಿದೆಯೇ, ಹೊಗೆಯ ಬಣ್ಣ ಏನು, ಎಚ್ಚರಿಕೆ ದೀಪ ಉರಿಯುತ್ತಿದೆಯೇ ನೋಡಿ.

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ: ಆಯಿಲ್ ಕಡ್ಡಿ, ಕೂಲೆಂಟ್ ಮಟ್ಟ, ಫ್ಯಾನ್ ಬೆಲ್ಟ್, ಬ್ಯಾಟರಿ ತುದಿಗಳನ್ನು ಚಾಲಕರ ಜೊತೆ ನಿಂತು ನೋಡಿ.

ತಿಂಗಳಿಗೊಮ್ಮೆ: ಏರ್ ಫಿಲ್ಟರ್ ಮತ್ತು ರೇಡಿಯೇಟರ್ ಸ್ವಚ್ಛತೆ, ಹೋಸ್‌ಗಳ ಬಿರುಕು ಪರೀಕ್ಷಿಸಿ, ಕೊನೆಯ ಬಾರಿ ಆಯಿಲ್ ಬದಲಿಸಿದ ದಿನಾಂಕ ಕೇಳಿ ಬರೆದುಕೊಳ್ಳಿ.

ವರ್ಷಕ್ಕೊಮ್ಮೆ: 8 ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ಅದರ ಮತ್ತು ವಿಮೆಯ ಪ್ರತಿಯನ್ನು ಸಂಘದ ಕಡತದಲ್ಲಿ ಇಡಿ.

ಚಾಲಕರನ್ನು ಗದರಿಸಲು ಈ ಪಟ್ಟಿ ಅಲ್ಲ. ಗಾಡಿ ಕೈಕೊಟ್ಟರೆ ಬಿಸಿಲಲ್ಲಿ ಮೊದಲು ನಿಲ್ಲುವವರು ಅವರೇ. "ಎರಡು ದಿನದಿಂದ ಗಾಡಿ ಕಾಯುತ್ತಿದೆ" ಎಂದು ಅವರು ಹೇಳಿದಾಗ ಆಡಳಿತ ಮಂಡಳಿ ಕಿವಿಗೊಟ್ಟು, ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ, ಅಗತ್ಯವಿದ್ದರೆ ಒಕ್ಕೂಟದ ಗಮನಕ್ಕೆ ತಂದರೆ ಅವರಿಗೂ ಬಲ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಊರಿನ ಕೊನೆಯ ಕ್ಯಾನ್ ಏರಿದ ಮೇಲೆ ಹಾಲು ಬಲ್ಕ್ ಕೂಲರ್ ತಲುಪಲು ಎಷ್ಟು ಹೊತ್ತು ಬೇಕು? ಒಂದು ವಾರ ಗಡಿಯಾರ ನೋಡಿ ಬರೆಯಿರಿ.

2. ನಮ್ಮ ಗಾಡಿಯ ರೇಡಿಯೇಟರ್‌ಗೆ ಯಾವ ನೀರು ಹಾಕುತ್ತಿದ್ದಾರೆ?

3. ಗಾಡಿ ನಿಂತರೆ ಯಾರಿಗೆ ಫೋನ್ ಮಾಡಬೇಕು, ಬದಲಿ ಗಾಡಿ ಯಾರದು? ಆ ಸಂಖ್ಯೆಗಳು ಸಂಘದ ಗೋಡೆಯ ಮೇಲೆ ಇವೆಯೇ?

4. ಡಿಪ್‌ಸ್ಟಿಕ್ ನೋಡಲು ನಮ್ಮಲ್ಲಿ ಎಷ್ಟು ಜನ ಕಲಿತಿದ್ದೇವೆ? ಮುಂದಿನ ಸಭೆಗೆ ಬರುವಾಗ ಗಾಡಿಯನ್ನು ಸಂಘದ ಮುಂದೆ ನಿಲ್ಲಿಸಿ, ಪ್ರತಿಯೊಬ್ಬರೂ ಒಮ್ಮೆ ಕಡ್ಡಿ ಎಳೆದು ನೋಡಿ.