ಕಾಣದ ಬಾಗಿಲುಗಳು

ಬಸವನ ಬಾಗೇವಾಡಿ, ಮುದ್ದೇಬಿಹಾಳಗಳ ಕಡೆಯಿಂದ ಮನಗೂಳಿಯನ್ನು ಹಾದು ವಿಜಯಪುರಕ್ಕೆ ಬರುವವರು ಅಲ್ಲಿಯ ಹಳೆಯ ಕೋಟೆಗೋಡೆಯನ್ನು ಕಂಡಿರುತ್ತಾರೆ. 16ನೆಯ ಶತಮಾನದಲ್ಲಿ ಒಂದನೆಯ ಅಲಿ ಆದಿಲಶಾಹನ ಕಾಲದಲ್ಲಿ ಎದ್ದ ಆ ಗೋಡೆಗೆ ಐದು ಹೆಬ್ಬಾಗಿಲುಗಳಿದ್ದವು. ಅವುಗಳಲ್ಲಿ ಒಂದು ಮನಗೂಳಿ ದರವಾಜಾ. 1686ರಲ್ಲಿ ನಗರವು ಔರಂಗಜೇಬನ ವಶವಾದ ಮೇಲೆ ಅದೇ ಬಾಗಿಲಿಗೆ ಫತೇ ದರವಾಜಾ, ಎಂದರೆ ಗೆಲುವಿನ ಬಾಗಿಲು ಎಂಬ ಹೆಸರು ಬಂದಿತು. ಒಳಗಿನವರು ತಮ್ಮ ಓಡಾಟಕ್ಕೆಂದು ಇಟ್ಟುಕೊಂಡ ಬಾಗಿಲು ಹೊರಗಿನವನ ಗೆಲುವಿನ ಹೆಸರನ್ನು ಹೊತ್ತಿತು.

ಈ ಸಂಗತಿ ನನಗೆ ನೆನಪಾದುದು ಒಂದು ಗಣಕಯಂತ್ರದ ಮುಂದೆ ತಲೆತಗ್ಗಿಸಿ ಕುಳಿತಾಗ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಶಾಲೆಗಳಲ್ಲಿಯೇ ನನ್ನ ಸೇವೆಯೆಲ್ಲ ಕಳೆಯಿತು. ನಿವೃತ್ತಿಗೆ ಎರಡು ವರ್ಷ ಮೊದಲು, ಅವುಗಳಲ್ಲಿ ಒಂದು ಶಾಲೆಯ ಕಚೇರಿಗೆ ಹೊಸ ಗಣಕಯಂತ್ರ ಬಂದಿತು. ಅದನ್ನು ಪಾಠದ ಕೋಣೆಯ ಯಂತ್ರಗಳೊಡನೆ ತಂತಿಯಿಂದ ಜೋಡಿಸಿದೆವು. ಅಂಕಗಳ ಕಡತವನ್ನು ಎರಡೂ ಕಡೆಯಿಂದ ತೆರೆಯುವಂತಿರಲೆಂದು ನಾನೇ ಕಡತ ಹಂಚಿಕೆಯ ಸೇವೆಯನ್ನು ಚಾಲೂ ಮಾಡಿ, 'ಎಲ್ಲರಿಗೂ ಅನುಮತಿ' ಎಂದು ಗುರುತು ಹಾಕಿದೆ. ಕೆಲಸ ಮುಗಿಯಿತು, ಗುರುತು ಹಾಗೆಯೇ ಉಳಿಯಿತು.

ಒಂದು ಬೆಳಗ್ಗೆ ನೋಡಿದರೆ ಕಡತವೇ ಇಲ್ಲ! ಹಿಂದಿನ ಸಂಜೆ ಪಾಠದ ಕೋಣೆಯಲ್ಲಿ ತಡವಾಗಿ ಕುಳಿತಿದ್ದವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಎಲ್ಲರ ಕಣ್ಣೂ ಅವನ ಮೇಲೆ ಬಿದ್ದಿತು. ನನ್ನ ಕಣ್ಣು ಎಲ್ಲರಿಗಿಂತ ಮೊದಲು ಬಿದ್ದಿತ್ತು. "ನಾ ಅದನ್ನ ಮುಟ್ಟೇ ಇಲ್ರೀ ಸರ್" ಎಂದವನು ಮರುದಿನದಿಂದ ಶಾಲೆಗೆ ಬರಲಿಲ್ಲ. ಮೂರನೆಯ ದಿನ ನಮ್ಮ ಸಹೋದ್ಯೋಗಿಯೊಬ್ಬರು, ಪಾಠದ ಕೋಣೆಯ ಯಂತ್ರದಲ್ಲಿ ಹಳೆಯ ಕಡತಗಳೆಂದು ಭಾವಿಸಿ ತಾವೇ ಕೆಲವನ್ನು ಅಳಿಸಿದ್ದಾಗಿ ಹೇಳಿದರು. ಅವರು ಬೀಗ ಮುರಿದಿರಲಿಲ್ಲ. ಬಾಗಿಲನ್ನು ತೆರೆದಿಟ್ಟವನು ನಾನು.

ಈ ಬಾಗಿಲು ಎಂಥದು? ಗಣಕಯಂತ್ರದಲ್ಲಿ ನಮ್ಮ ಕಣ್ಣಿಗೆ ಬೀಳುವ ಕೆಲಸಕ್ಕಿಂತ ಬೀಳದ ಕೆಲಸವೇ ಹೆಚ್ಚು. ಊರು ಏಳುವ ಮೊದಲೇ ನೀರು ಬಿಡುವವನು ತನ್ನ ಕೆಲಸಕ್ಕೆ ತೊಡಗಿರುವಂತೆ, ನಾವು ಗುಂಡಿ ಒತ್ತಿದೊಡನೆ ಹತ್ತಾರು ಚಿಕ್ಕ ಕ್ರಮವಿಧಿಗಳು ಪರದೆಯ ಹಿಂದೆ ಎಚ್ಚರಗೊಳ್ಳುತ್ತವೆ. ಒಂದು ಗಡಿಯಾರವನ್ನು ಸರಿಪಡಿಸುತ್ತದೆ, ಒಂದು ಪ್ರಿಂಟರಿಗೆ ಹೋಗಬೇಕಾದ ಪುಟಗಳನ್ನು ಸಾಲಾಗಿ ನಿಲ್ಲಿಸುತ್ತದೆ, ಮತ್ತೊಂದು ಕಡತಗಳನ್ನು ಹಂಚುತ್ತದೆ. ಇವೇ ಹಿನ್ನೆಲೆಯ ಸೇವೆಗಳು. ಇವುಗಳಲ್ಲಿ ಕೆಲವು ಬೇರೆ ಯಂತ್ರಗಳ ಕರೆಗೆ ಓಗೊಡಲೆಂದು ಕಾದಿರುತ್ತವೆ. ಯಾವ ಕರೆ ಯಾವ ಸೇವೆಗೆಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಸಂಖ್ಯೆಯುಂಟು. ಅದನ್ನು ಪೋರ್ಟ್ ಎನ್ನುತ್ತಾರೆ. ತಂತಿ ಸಿಕ್ಕಿಸುವ ಕಿಂಡಿಗೂ ಇದೇ ಹೆಸರಿರುವುದರಿಂದ ಗೊಂದಲವಾಗಬಹುದು. ಈ ಪೋರ್ಟ್ ಬರಿಯ ಸಂಖ್ಯೆ. 0ಯಿಂದ 65,535ರ ವರೆಗೆ ಇಂಥ ಸಂಖ್ಯೆಗಳಿವೆ. ಜಾಲತಾಣಗಳಿಗೆ 80 ಮತ್ತು 443, ಅಂಚೆಯ ರವಾನೆಗೆ 25, ವಿಂಡೋಸ್ ಯಂತ್ರಗಳ ಕಡತ ಹಂಚಿಕೆಗೆ 445 ರೂಢಿಯಲ್ಲಿವೆ. ಸಂಖ್ಯೆಯ ಹಿಂದೆ ಯಾವುದಾದರೊಂದು ಸೇವೆ ಕಿವಿಗೊಟ್ಟು ಕುಳಿತಿದ್ದರೆ ಬಾಗಿಲು ತೆರೆದಂತೆ. ಯಾವುದೂ ಇಲ್ಲದಿದ್ದರೆ ಬಂದ ಕರೆ ಓಗೊಡುವವರಿಲ್ಲದೆ ಹಿಂದಿರುಗುತ್ತದೆ.

ಹೀಗೆ ಕಾದಿರುವ ಸೇವೆಯಲ್ಲಿ ದೋಷವಿದ್ದರೆ ಏನಾಗುವುದೆಂಬುದನ್ನು ಜಗತ್ತು 1988ರಲ್ಲಿಯೇ ಕಂಡಿತು. ಆ ವರ್ಷದ ನವೆಂಬರ್ 2ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿ ಬಿಟ್ಟ ಕ್ರಮವಿಧಿಯೊಂದು, ಅಂಚೆಯ ಸೇವೆ ಮೊದಲಾದವುಗಳ ದೋಷಗಳ ಮೂಲಕ ಸಾವಿರಾರು ಯಂತ್ರಗಳಿಗೆ ಹರಡಿ ಅವನ್ನು ಕುಂಠಿತಗೊಳಿಸಿತು. 2017ರ ಮೇ 12ರಂದು ವಾನ್ನಾಕ್ರೈ ಎಂಬ ಹಾವಳಿ 445ನೆಯ ಬಾಗಿಲಿನಿಂದಲೇ ನುಗ್ಗಿ, ಸುಮಾರು 150 ದೇಶಗಳ ಯಂತ್ರಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ದೋಷದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚಿಯಲ್ಲಿಯೇ ಕೊಟ್ಟಿತ್ತೆಂಬುದು ಹೆಚ್ಚಿನ ದುಃಖದ ಸಂಗತಿ. 2021ರಲ್ಲಿ ಪ್ರಿಂಟರಿನ ಸೇವೆಯಲ್ಲಿಯೇ ದೊಡ್ಡ ದೋಷ ಕಂಡುಬಂದಿತು. ಪ್ರಿಂಟರನ್ನೇ ಕಾಣದ ಎಷ್ಟೋ ಯಂತ್ರಗಳಲ್ಲಿ ಆ ಸೇವೆ ಓಡುತ್ತಲೇ ಇತ್ತು! ತಯಾರಿಸಿದವರು ಯಾರಿಗೆ ಏನು ಬೇಕಾದೀತೋ ಎಂದು ಎಲ್ಲವನ್ನೂ ಚಾಲೂ ಇಟ್ಟು ಕಳುಹಿಸುವ ರೂಢಿ ನನಗೆ ಸರಿಕಾಣುವುದಿಲ್ಲ.

ಹಾಗೆಂದು ಕಂಡದ್ದನ್ನೆಲ್ಲ ನಿಲ್ಲಿಸುವುದೂ ತರವಲ್ಲ. ನಮ್ಮ ಶಾಲೆಗೆ ಬಂದ ತರುಣ ಶಿಕ್ಷಕರೊಬ್ಬರು ಇದನ್ನು ನನಗೆ ತಾಳ್ಮೆಯಿಂದ ಕಲಿಸಿದರು. ಮೊದಲು ನೆಟ್‌ಸ್ಟ್ಯಾಟ್ ಎಂಬ ಆಜ್ಞೆಯಿಂದ ಯಾವ ಯಾವ ಸಂಖ್ಯೆಗಳಲ್ಲಿ ಸೇವೆಗಳು ಕಿವಿಗೊಟ್ಟಿವೆ ಎಂಬುದನ್ನು ಕಾಣಬೇಕು. ಸಂಖ್ಯೆಯ ಮುಂದೆ 127.0.0.1 ಎಂಬ ವಿಳಾಸವಿದ್ದರೆ ಆ ಬಾಗಿಲು ಮನೆಯೊಳಗಿನದು, ಹೊರಗಿನ ಯಂತ್ರಕ್ಕೆ ಅದು ಸಿಕ್ಕದು, 0.0.0.0 ಎಂದಿದ್ದರೆ ಅದು ಹೊರಬಾಗಿಲು. ಬಳಿಕ ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಹಿಂದಿರುವ ಸೇವೆಯ ಹೆಸರನ್ನು ಹುಡುಕಿ, ಅದರ ಕೆಲಸವೇನೆಂದು ಓದಿ ತಿಳಿಯಬೇಕು. ಬೇಡವೆಂದು ಖಚಿತವಾದದ್ದನ್ನು ಮಾತ್ರ, ಅದೂ ಒಂದು ಸಲಕ್ಕೆ ಒಂದನ್ನೇ ನಿಲ್ಲಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ ನೋಡಬೇಕು. ಎರಡು ಮೂರನ್ನು ಒಟ್ಟಿಗೆ ನಿಲ್ಲಿಸಿದರೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ಬಗೆಯಿಲ್ಲ. 135ನೆಯ ಸಂಖ್ಯೆಯ ಹಿಂದಿನ ಸೇವೆಯಂಥವು ಯಂತ್ರದ ಉಸಿರಿನಂತೆ, ಅವನ್ನು ನಿಲ್ಲಿಸಬಾರದು. ಅಂಥ ಕಡೆ ಫೈರ್‌ವಾಲ್ ಎಂಬ ಕಾವಲು, ಹೊರಗಿನ ಕರೆ ಒಳಕ್ಕೆ ಬಾರದಂತೆ ತಡೆಯುತ್ತದೆ.

ಇದನ್ನು ಕಲಿಯುವ ಮೊದಲು ನಾನು ಮಾಡಬೇಕಾದ ಇನ್ನೊಂದು ಕೆಲಸವಿತ್ತು. ಅಂದು ಸಂಜೆಯೇ ಆ ಹುಡುಗನ ಮನೆಗೆ ಹೋದೆ. ಅವನ ತಂದೆ ಹೊಲದಿಂದ ಇನ್ನೂ ಬಂದಿರಲಿಲ್ಲ. ತಾಯಿ ನೀರು ಕೊಟ್ಟು ಸುಮ್ಮನೆ ನಿಂತರು. ತಪ್ಪು ನನ್ನದೆಂದು ಅವರ ಎದುರಿಗೇ ಹುಡುಗನಿಗೆ ಹೇಳಿದೆ. ಅವನು ನೆಲ ನೋಡುತ್ತಾ ನಿಂತಿದ್ದನು, ಏನೂ ಹೇಳಲಿಲ್ಲ.

ಮರುದಿನ ಶಾಲೆಗೆ ಬಂದನು. ಆ ತರುಣ ಶಿಕ್ಷಕರು ಯಂತ್ರದ ಮುಂದೆ ಕುಳಿತಾಗ ಪರದೆಯ ಮೇಲಿನ ಸಂಖ್ಯೆಗಳನ್ನು ಒಂದೊಂದಾಗಿ ಓದಿ ಹೇಳಿದವನು ಅವನೇ. ನಾನು ಪಕ್ಕದಲ್ಲಿ ಕುಳಿತು ಅವುಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. "445 ರೀ ಸರ್" ಎಂದಾಗ ಅವನು ಒಂದು ಕ್ಷಣ ತಡೆದು ನನ್ನತ್ತ ನೋಡಿದನು. ಆಮೇಲೆ ಮುಂದಿನ ಸಂಖ್ಯೆಯನ್ನು ಓದಿದನು.