ತಂತಿ ಕಳ್ಳರು: ಒಂದು ಪದದ ಜಾಡು ಹಿಡಿದು

ಕನ್ನಡದ ‘ಠಕ್ಕ’, ಮರಾಠಿಯ ‘ಠಕ’ ಎರಡೂ ನಮ್ಮ ಗಡಿಭಾಗದ ವಿದ್ಯಾರ್ಥಿಗಳಿಗೆ ಪರಿಚಿತವಾದವುಗಳೇ. ಮೋಸಗಾರ ಎಂಬುದಷ್ಟೇ ಅರ್ಥ. ಹತ್ತೊಂಬತ್ತನೆಯ ಶತಮಾನದ ದಾರಿಹೋಕರಿಗಾದರೋ ಅದು ಕೊಲೆಗಡುಕನ ಹೆಸರು. ಸಹಪ್ರಯಾಣಿಕರಂತೆ ನಟಿಸಿ, ವಿಶ್ವಾಸ ಗಳಿಸಿ, ರುಮಾಲಿನಿಂದ ಕೊರಳು ಬಿಗಿದು ದೋಚುವ ಈ ತಂಡಗಳನ್ನು ಕನ್ನಡಿಗರು ‘ತಂತಿ ಕಳ್ಳರು’ ಎನ್ನುತ್ತಿದ್ದರೆಂದು ಮದರಾಸಿನ ವೈದ್ಯ ಶೆರ್ವುಡ್ 1816ರ ತನ್ನ ಪ್ರಬಂಧದಲ್ಲಿ ದಾಖಲಿಸಿದ್ದಾನೆ. ತಂತಿಯ ಕುಣಿಕೆ ಬಳಸುವವರು ಎಂಬುದು ಅವನು ಕೊಟ್ಟ ಅರ್ಥ. ಉತ್ತರದವರು ನಡತೆಯಿಂದ ಹೆಸರಿಟ್ಟರೆ ನಮ್ಮವರು ಆಯುಧದಿಂದ ಇಟ್ಟರು.

ಮರಾಠವಾಡೆಗೆ ಇದು ದೂರದ ಕಥೆಯಲ್ಲ. ಹಿಂಗೋಲಿಯ ದಂಡಿನ ಬಜಾರಿನಲ್ಲಿ ಹರಿಸಿಂಗ್ ಎಂಬ ಮರ್ಯಾದಸ್ಥ ವರ್ತಕನಿದ್ದನು. ಮುಂಬಯಿಯಿಂದ ಬಟ್ಟೆ ತರಲು ಇಂಗ್ಲಿಷ್ ಅಧಿಕಾರಿಯಿಂದಲೇ ರಹದಾರಿ ಪಡೆದು, ದಾರಿಯಲ್ಲಿ ಆ ಸರಕಿನ ನಿಜವಾದ ಒಡೆಯನನ್ನು ಕೊಂದು, ಅದನ್ನೇ ದಂಡಿನಲ್ಲಿ ರಾಜಾರೋಷವಾಗಿ ಮಾರಿದನೆಂದು ಮೆಡೋಸ್ ಟೇಲರ್ ಬರೆಯುತ್ತಾನೆ. ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯನ್ನು 1839ರಲ್ಲಿ ಪ್ರಕಟಿಸಿದವನು ಇವನೇ. 1853ರಲ್ಲಿ ನಮ್ಮ ಉಮರ್ಗಾದ ನೆರೆಯ ನಳದುರ್ಗದ ಆಡಳಿತ ವಹಿಸಿಕೊಂಡವನೂ ಇವನೇ.

ಇಂಥವರನ್ನು ಕುದುರೆ, ಖಡ್ಗಗಳಿಂದ ಹಿಡಿಯುವುದೆಂತು? ಸಾಕ್ಷಿ ನುಡಿಯಬೇಕಾದವರು ಮಣ್ಣಿನಡಿಯಲ್ಲಿ. ಠಕ್ಕರ ನಿಗ್ರಹಕ್ಕೆ ಕಂಪನಿ ಸರಕಾರ ನೇಮಿಸಿದ ವಿಲಿಯಂ ಸ್ಲೀಮನ್ ಮಾಫಿ ಸಾಕ್ಷಿಗಳನ್ನು ಎದುರು ಕೂರಿಸಿಕೊಂಡು ಅವರ ಗುಪ್ತಭಾಷೆಯಾದ ‘ರಾಮಸಿ’ಯ ಪದಗಳನ್ನು ಬರೆದುಕೊಂಡನು. ಆ ಪದಕೋಶ ‘ರಾಮಸಿಯಾನ’ 1836ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಯಿತು. ಅದರಲ್ಲಿ ‘ಬನಿಜ್’ ಎಂದರೆ ಪ್ರಯಾಣಿಕ, ಅರ್ಥಾತ್ ಬೇಟೆ. ನಮ್ಮ ‘ಬಣಜಿಗ’ನಿಗೂ ಆ ಪದಕ್ಕೂ ಮೂಲವೊಂದೇ, ಸಂಸ್ಕೃತದ ‘ವಣಿಜ್’! ಅಮೆರಿಕವು ತನ್ನ ಕೇಂದ್ರ ತನಿಖಾ ದಳದವರಿಗೆ ಬಂದೂಕು ಹಿಡಿಯುವ ಅಧಿಕಾರವನ್ನು ಕಾನೂನಿನ ಮೂಲಕ ಕೊಟ್ಟುದು 1934ರಲ್ಲಿ. ಅದಕ್ಕೆ ಸುಮಾರು ನೂರು ವರ್ಷ ಮೊದಲೇ ಇಲ್ಲಿ ನಿಘಂಟು ಆಯುಧವಾಗಿತ್ತು.

ಆ ಆಯುಧವೂ ಗುರಿ ತಪ್ಪಬಲ್ಲುದು. 1836ರ 30ನೆಯ ಕಾಯಿದೆಯಡಿ ಇಂಥ ಕೊಲೆ ಮಾಡಿದನೆಂದು ರುಜುವಾತಾಗಬೇಕಿರಲಿಲ್ಲ. ಕಂಪನಿಯ ಸೀಮೆಯ ಹೊರಗಾದರೂ ಸರಿಯೆ, ಠಕ್ಕರ ತಂಡಕ್ಕೆ ಸೇರಿದ್ದನೆಂದಾದರೆ ಜೀವಾವಧಿ ಕಠಿಣ ಸಜೆ. ತನ್ನ ಕೊರಳು ಉಳಿಸಿಕೊಳ್ಳಬೇಕಾದ ಮಾಫಿ ಸಾಕ್ಷಿ ಯಾರತ್ತ ತಾನೆ ಬೆರಳು ತೋರಿಸನು? 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಗಿ, ಹುಟ್ಟನ್ನೇ ಅಪರಾಧವಾಗಿಸಿತು. ಅದು ರದ್ದಾದುದು 1952ರಲ್ಲಿ. ಪಾರಧಿ ಮನೆಗಳ ಮಕ್ಕಳು ನಮ್ಮ ತರಗತಿಯ ಹೊರಗೆ ತಮ್ಮ ಮನೆಮಾತನ್ನು ಇಂದಿಗೂ ದನಿ ತಗ್ಗಿಸಿ ಆಡುವುದನ್ನು ನಾನು ಕೇಳಿದ್ದೇನೆ.