ನುಡಿಯ ಮೈಲಿಗೆ

ದೇಹಕ್ಕೆ ಅಂಟಿದ ಕೊಳೆಯನ್ನು ನೀರು ತೊಳೆಯುವುದು. ನಾಲಗೆಯ ಕೊಳೆಯಾದರೋ ಆಡಿದವನಿಗೆ ಕಾಣಿಸದೆ ಕೇಳಿದವನ ಎದೆಯಲ್ಲಿ ಉಳಿಯುವುದು. ಜಮಖಂಡಿಯ ಸಂತೆಯಲ್ಲಿ, ಬೀಳಗಿಯ ಬಸ್ಸು ನಿಲ್ದಾಣದಲ್ಲಿ, ಊರೂರಿನ ಮನೆಗಟ್ಟೆಗಳ ಮೇಲೆ ಸಜ್ಜನರೆನಿಸಿದವರೂ ಇಂತಹ ನುಡಿಗಳನ್ನು ಆಡುತ್ತಿರುತ್ತಾರೆ. “ಆ ಜನವೇ ಹಾಗೆ”, “ಅಂಥವರ ಮಗನಿಗೆ ಓದು ಹತ್ತೀತೆ?”, “ಹುಡುಗಿ ಕಪ್ಪು, ವರ ಸಿಕ್ಕಾನೆಯೆ?” ಇವು ಆಡಿದವನಿಗೆ ವಿನೋದ, ಕೇಳಿದವನಿಗೆ ಶೂಲ.

ಈ ಸೀಮೆಯ ನೆಲವೇ ಇಂತಹ ಮಾತಿಗೆ ಉತ್ತರವನ್ನಿತ್ತಿದೆ. ಹತ್ತನೆಯ ಶತಮಾನದಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಜನಿಸಿದ ರನ್ನನು ಶ್ರವಣಬೆಳಗೊಳದವರೆಗೆ ಹೋಗಿ ವಿದ್ಯೆ ಗಳಿಸಿ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದನು. ಮುದನೂರಿನ ಜೇಡರ ದಾಸಿಮಯ್ಯನು ಮಗ್ಗವನ್ನು ಬಿಡದೆಯೇ ಶರಣನಾದನು. ರಬಕವಿ-ಬನಹಟ್ಟಿಯ ಮಗ್ಗದ ಸದ್ದನ್ನು ಕೇಳುತ್ತ “ನೇಕಾರನಿಗೇನು ತಿಳಿದೀತು?” ಎನ್ನುವವನು, ತಾನು ನಿತ್ಯ ಸ್ಮರಿಸುವ ಶರಣರನ್ನೇ ಹಳಿದಂತಾಗುವುದಿಲ್ಲವೆ?

ಲಘುವಾದ ಮಾತಿನಿಂದ ಏನು ಕೆಡುವುದೆಂದು ಕೆಲವರು ಕೇಳಬಹುದು. ಕಲ್ಯಾಣದ ಕಥೆಯನ್ನು ಅವರು ನೆನೆಯಲಿ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವರಸನ ಮಗಳಿಗೂ ವಿವಾಹವಾದಾಗ, ಅದನ್ನು ಸಹಿಸದವರ ದೂರು ಬಿಜ್ಜಳನ ಕಿವಿಗೆ ಮುಟ್ಟಿ, ಆ ಇಬ್ಬರು ಶರಣರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದು ಪರಂಪರೆ ಹೇಳುತ್ತದೆ. ಜಗಲಿಯ ಮೇಲಿನ ಹೀಯಾಳಿಕೆಯೇ ಬೆಳೆದು ಅರಮನೆಯ ದಂಡನೆಯಾಗುವುದು.

ಹಾಗಾದರೆ ಸದ್ಗೃಹಸ್ಥನು ಮಾಡಬೇಕಾದುದೇನು? ಬನಹಟ್ಟಿಯ ಒಂದು ಮನೆಯನ್ನು ಭಾವಿಸೋಣ. ಕೂಲಿ ನೇಕಾರನ ಮಗ ನೂಲಿನ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಕುಳಿತ ಹಿರಿಯ ಅತಿಥಿಯೊಬ್ಬರು ಅವನ ಕುಲವನ್ನು ಕುರಿತು ಹಗುರವಾಗಿ ನುಡಿಯುತ್ತಾರೆ. ಅತಿಥಿಗೆ ನೋವಾಗಬಾರದೆಂದು ಯಜಮಾನನು ನಕ್ಕುಬಿಟ್ಟರೆ, ಯಾರು ಆಡಿದರೆಂಬುದಕ್ಕಿಂತ ಯಾರು ನಕ್ಕರೆಂಬುದೇ ಆ ಬಾಲಕನ ಮನದಲ್ಲಿ ನಾಟುವುದು.

ಅಂತಹ ವೇಳೆಯಲ್ಲಿ ಕೋಪವೂ ಬೇಡ, ಮೌನವೂ ಬೇಡ. ಮೊದಲು “ಹಿರಿಯರೆ, ಹಾಗೆನ್ನಲು ಕಾರಣವೇನು?” ಎಂದು ವಿನಯದಿಂದ ಕೇಳಬೇಕು. ಕಾರಣ ಹೇಳಹೊರಟವನಿಗೆ ತನ್ನ ಮಾತಿನ ಪೊಳ್ಳು ತಾನೇ ತಿಳಿಯುವುದು. ತಿಳಿಯದಿದ್ದರೆ, “ಈ ಮನೆಯಲ್ಲಿ ಅಂತಹ ಮಾತಿಗೆ ಎಡೆಯಿಲ್ಲ” ಎಂದು ಸ್ಪಷ್ಟವಾಗಿ ನುಡಿಯಬೇಕು. ಅನಂತರ ಬಾಲಕನನ್ನು ಒಳಗೆ ಕರೆದು, ಕುಳ್ಳಿರಿಸಿ, ಅವನ ಓದನ್ನು ವಿಚಾರಿಸಬೇಕು. ಈ ಕೊನೆಯದೇ ಮುಖ್ಯವಾದುದು. ಏಕೆಂದರೆ ಆಡಿದವನ ತಿದ್ದುವಿಕೆ ತಡವಾದರೂ ಆದೀತು, ನೊಂದವನ ಗಾಯಕ್ಕೆ ಆಗಲೇ ಮದ್ದು ಬೇಕು.

ನೊಂದವನೇ ಸದಾ ತಾಳಿಕೊಳ್ಳಲೆಂಬುದು ಧರ್ಮವಲ್ಲ. ನಿಂದೆಯು ಅಸ್ಪೃಶ್ಯತೆಯ ಆಚರಣೆಯಾದಾಗ ಉಪದೇಶ ಸಾಲದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 1989ರ ಅಧಿನಿಯಮವು ಪರಿಶಿಷ್ಟ ಜಾತಿ ಪಂಗಡಗಳವರ ಮೇಲಿನ ದೌರ್ಜನ್ಯಕ್ಕೆ ದಂಡನೆಯನ್ನು ವಿಧಿಸಿದೆ. ನೊಂದವನು ಆ ನ್ಯಾಯವನ್ನು ಕೋರಿದಾಗ ಅವನ ಪಕ್ಕದಲ್ಲಿ ನಿಲ್ಲುವುದೂ ಭಕ್ತನ ಕರ್ತವ್ಯವೇ.

ಆದರೆ ಪರರ ನಾಲಗೆಯನ್ನು ತಿದ್ದುವವನು ತನ್ನ ನಾಲಗೆಯನ್ನು ಮರೆಯಬಾರದು. ಸಂಜೆ ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇರಿಸಿಕೊಳ್ಳುವ ಮುನ್ನ, ಈ ದಿನ ತನ್ನ ಮಾತಿನಿಂದ ಯಾರ ಮನ ನೊಂದಿತೆಂದು ಕ್ಷಣಕಾಲ ನೆನೆಯಲಿ. ನೆನಪಾದರೆ ಮರುದಿನ ಅವರ ಬಾಗಿಲಿಗೇ ಹೋಗಿ ಕ್ಷಮೆ ಬೇಡಲಿ. ಆ ಬಾಗಿಲು ಎಷ್ಟು ಚಿಕ್ಕದಾದರೂ, ಅಲ್ಲಿ ಬಾಗಿದ ತಲೆಯೇ ಲಿಂಗಕ್ಕೆ ಬಾಗಿದ ತಲೆ.